ಗಣಕದ ಮೊದಲ ಕ್ಷಣ ಮತ್ತು ೞಕಾರದ ಅಳಿವು ಉಳಿವು

ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನಲ್ಲಿ ಕಳ್ಳಕವಟಗಿ ಎಂಬ ಗ್ರಾಮವಿದೆ. ಕನ್ನಡದಲ್ಲಿ ಈ ಹೆಸರು 6 ಅಕ್ಷರಗಳದ್ದು. ಯೂನಿಕೋಡ್ ಲೆಕ್ಕದಲ್ಲಿ ಕ, ಳ, ಹಲಂತ, ಳ, ಕ, ವ, ಟ, ಗ, ಗುಣಿಸು ಎಂದು 9 ಸಂಕೇತಗಳು. ಇದನ್ನೇ ರೋಮನ್ ಲಿಪಿಯಲ್ಲಿ ಸಾಧಾರಣ ರೀತಿಯಲ್ಲಿ ಬರೆದು ಮತ್ತೆ ಕನ್ನಡಕ್ಕೆ ತರಲು ಯತ್ನಿಸಿದರೆ ತೊಡಕು ಕಾಣಿಸುತ್ತದೆ. ಮೊದಲ ಭಾಗ ಕಲ್ಲೋ ಕಳ್ಳನೋ ತಿಳಿಯದು. ಟಕಾರ ತಕಾರಗಳ ಭೇದ ಉಳಿಯದು. ಹ್ರಸ್ವದೀರ್ಘಗಳ ನಿಶ್ಚಯವೂ ಇಲ್ಲ. ಊರಿನವರಿಗೆ ಇದರಿಂದ ತೊಂದರೆಯಿಲ್ಲ. ಅವರಿಗೆ ತಮ್ಮ ಊರಿನ ಹೆಸರು ಗೊತ್ತಿದೆ. ತೊಂದರೆಯಾಗುವುದು ನೂರು ವರ್ಷಗಳ ನಂತರ ಈ ಭಾಗದ ಸ್ಥಳನಾಮಗಳನ್ನು ಅಧ್ಯಯನ ಮಾಡಲು ಹೊರಡುವವನಿಗೆ. ಅವನ ಮುಂದೆ ಇರುವುದು ಇಂದು ಯಾರೋ ಬೆರಳಚ್ಚಿಸಿಟ್ಟ ಕಡತವೇ ಹೊರತು ಊರಿನವರ ಬಾಯಲ್ಲ.

ಆ ಕಡತದ ಗತಿ ನಿರ್ಧಾರವಾಗುವುದು ಬಹುಮಟ್ಟಿಗೆ ಮನೆಯ ಗಣಕಯಂತ್ರ ಚಾಲನೆಗೊಳ್ಳುವ ಮೊದಲ ಕ್ಷಣದಲ್ಲಿ. ಯಂತ್ರ ಎಚ್ಚರಗೊಂಡಾಗ ಅದರ ಕೀಲಿಮಣೆ ಯಾವ ಲಿಪಿಯನ್ನು ಬಲ್ಲುದು, ಯಾವ ಅಕ್ಷರಗಳನ್ನು ಬಲ್ಲುದು, ಒಂದು ಲಿಪಿಯಿಂದ ಇನ್ನೊಂದಕ್ಕೆ ದಾಟಲು ಯಾವ ಕೀಲಿಯನ್ನು ಒತ್ತಬೇಕು ಎಂಬ ವ್ಯವಸ್ಥೆಯನ್ನು ಸಾಮಾನ್ಯವಾಗಿ ಯಂತ್ರಜ್ಞರ ಕೆಲಸವೆಂದು ಸಾಹಿತ್ಯದ ವಿದ್ಯಾರ್ಥಿಗಳು ಬದಿಗಿಡುತ್ತಾರೆ. ಈ ಭಾವನೆ ಸರಿಯಲ್ಲ. ಹಳಗನ್ನಡ ಗ್ರಂಥವನ್ನೋ ಶಾಸನವನ್ನೋ ಗಣಕಕ್ಕೆ ಇಳಿಸುವ ಸಂಶೋಧಕನಿಗೆ ಕೀಲಿಮಣೆಯ ಆರಂಭಿಕ ವಿನ್ಯಾಸವು ಗ್ರಂಥಸಂಪಾದನೆಯ ಮೊದಲ ನಿರ್ಣಯ. ಪಾಠಾಂತರಗಳನ್ನು ತೂಗುವ ಮೊದಲೇ, ಅಡಿಟಿಪ್ಪಣಿ ಬರೆಯುವ ಮೊದಲೇ ಆ ನಿರ್ಣಯ ಆಗಿಹೋಗಿರುತ್ತದೆ. ಅವನು ಅದನ್ನು ತೆಗೆದುಕೊಳ್ಳದಿದ್ದರೆ ಯಂತ್ರ ತಯಾರಿಸಿದವರು ಅವನ ಪರವಾಗಿ ತೆಗೆದುಕೊಂಡಿರುತ್ತಾರೆ.

ವಿಜಯಪುರದ ಪರಿಸರದಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ನಾಗಚಂದ್ರನು ವಿಜಯಪುರದಲ್ಲಿ ಮಲ್ಲಿಜಿನೇಂದ್ರನ ಬಸದಿಯನ್ನು ಕಟ್ಟಿಸಿ ಮಲ್ಲಿನಾಥಪುರಾಣವನ್ನು ರಚಿಸಿದನೆಂಬುದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ರನ್ನನ ಮುಧೋಳವು 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಗುವವರೆಗೆ ವಿಜಯಪುರ ಜಿಲ್ಲೆಯಲ್ಲಿಯೇ ಇತ್ತು. ಫ. ಗು. ಹಳಕಟ್ಟಿಯವರು ವಚನಗಳ ತಾಳೆಗರಿಗಳನ್ನು ಹುಡುಕಿ ಕೂಡಿಸಿದ್ದು ಈ ನಗರವನ್ನು ಕೇಂದ್ರವಾಗಿಸಿಕೊಂಡು. ಇಂದು ಅವರ ಹೆಸರಿನ ಸಂಶೋಧನ ಕೇಂದ್ರವೂ ರಾಜ್ಯದ ಮಹಿಳಾ ವಿಶ್ವವಿದ್ಯಾಲಯವೂ ಇಲ್ಲಿವೆ. ಇಂಥ ಪರಿಸರದಲ್ಲಿ ಸುತ್ತಲಿನ ಹಳ್ಳಿಗಳಿಂದ ಬಂದು ಕನ್ನಡ ಎಂ.ಎ. ಓದುವ, ಪಿಎಚ್.ಡಿ. ಮಾಡುವ ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳನ್ನು ಬೆರಳಚ್ಚಿಸುವುದು ಹೆಚ್ಚಾಗಿ ಮನೆಯ ಗಣಕದಲ್ಲಿ. ಅದು ಒಬ್ಬರ ಗಣಕವೂ ಅಲ್ಲ. ಅಣ್ಣನ ಲೆಕ್ಕಪತ್ರ, ತಂಗಿಯ ಪಾಠ, ಮನೆಯವರ ಅರ್ಜಿ ಎಲ್ಲವೂ ಅದರಲ್ಲಿಯೇ. ವಿದ್ಯುತ್ತು ಹೋಗಿ ಬಂದಾಗಲೆಲ್ಲ ಯಂತ್ರ ಹೊಸದಾಗಿ ಏಳುತ್ತದೆ. ಎದ್ದಾಗಲೆಲ್ಲ ತನ್ನ ಹುಟ್ಟುಭಾಷೆಯಾದ ಇಂಗ್ಲಿಷಿಗೆ ಮರಳುತ್ತದೆ. ಪ್ರತಿ ಸಲವೂ ಕನ್ನಡವನ್ನು ಹುಡುಕಿ ತರಬೇಕಾದ ಬೇಸರದಲ್ಲಿ ವಿದ್ಯಾರ್ಥಿ ಕೈಗೆ ಸಿಕ್ಕ ಯಾವುದೋ ಉಪಾಯದಿಂದ ಕೆಲಸ ಮುಗಿಸುತ್ತಾನೆ. ಅಕ್ಷರಗಳು ಕಳೆದುಹೋಗುವುದು ಅಲ್ಲಿಯೇ.

ಕಳೆದುಹೋಗುವ ಅಕ್ಷರಗಳಲ್ಲಿ ಮುಖ್ಯವಾದವು ಎರಡು: ಱ ಮತ್ತು ೞ. ಹಳಗನ್ನಡದ ಓದುಗರಿಗೆ ಇವುಗಳ ಬೆಲೆಯನ್ನು ಹೇಳಬೇಕಾಗಿಲ್ಲವಾದರೂ ಕೆಲವು ಉದಾಹರಣೆಗಳನ್ನು ನೆನೆಯಬಹುದು. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ಕಱೆ ಎಂದರೆ ಹಾಲು ಹಿಂಡು, ಕರೆ ಎಂದರೆ ಕೂಗು. ಒಂದು ಅಕ್ಷರ ಬದಲಾದರೆ ಬದುಕು ಕತ್ತಿಯಾಗುತ್ತದೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಕ್ಷಳ, ಕುಳ, ರಳ ಎಂದು ಮೂರು ಬಗೆಗಳನ್ನು ಬೇರ್ಪಡಿಸಿ ತೋರಿಸಿದ್ದಾನೆ. ಸಂಸ್ಕೃತದ ಲಕಾರದಿಂದ ಬಂದ ಳಕಾರ ಒಂದು, ದೇಶ್ಯವಾದ ಳಕಾರ ಒಂದು, ೞಕಾರ ಒಂದು. ಆಡುಮಾತಿನಲ್ಲಿ ೞಕಾರ ಕರಗಿಹೋಗುತ್ತಿದ್ದ ಕಾಲದಲ್ಲಿ ಒಬ್ಬ ವೈಯಾಕರಣನು ಅದನ್ನು ಉಳಿಸಿಕೊಡಲು ಪಟ್ಟ ಶ್ರಮವದು. ಪೊೞ್ತು ಹೊತ್ತಾದದ್ದು, ಕೞ್ತೆ ಕತ್ತೆಯಾದದ್ದು ನಮಗೆ ತಿಳಿಯುವುದು ಬರೆಹವು ಈ ಅಕ್ಷರವನ್ನು ಉಳಿಸಿಕೊಂಡದ್ದರಿಂದ.

ಶಾಸನಗಳ ವಿಷಯದಲ್ಲಂತೂ ಈ ಭೇದ ಸಾಕ್ಷ್ಯದ ಭೇದ. ಒಂದು ಶಾಸನದಲ್ಲಿ ೞಕಾರ ಸರಿಯಾದ ಎಡೆಯಲ್ಲಿದೆಯೋ, ಅದರ ಬದಲು ಳಕಾರ ಬಂದಿದೆಯೋ, ಇಲ್ಲವೇ ಳಕಾರವಿರಬೇಕಾದಲ್ಲಿ ಪಾಂಡಿತ್ಯದ ಭ್ರಮೆಯಿಂದ ೞಕಾರವನ್ನು ಕೆತ್ತಲಾಗಿದೆಯೋ ಎಂಬುದನ್ನು ನೋಡಿ ವಿದ್ವಾಂಸರು ಭಾಷೆಯ ಅವಸ್ಥೆಯನ್ನು ಊಹಿಸುತ್ತಾರೆ. ಕಾಲನಿರ್ಣಯಕ್ಕೆ ಇತರ ಆಧಾರಗಳೊಡನೆ ಇದನ್ನೂ ಸೇರಿಸುತ್ತಾರೆ. ಕಾವ್ಯಗಳಲ್ಲಿ ದ್ವಿತೀಯಾಕ್ಷರ ಪ್ರಾಸವು ಇಂಥದೇ ಇನ್ನೊಂದು ಸಾಕ್ಷಿ. ಕವಿಯು ೞಕಾರವನ್ನು ಳಕಾರದೊಡನೆ ಪ್ರಾಸಕ್ಕೆ ತಂದಿದ್ದಾನೆಯೇ, ಱಕಾರವನ್ನು ರಕಾರದೊಡನೆ ಬೆರೆಸಿದ್ದಾನೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಪಾಠವು ಅಕ್ಷರಶಃ ಉಳಿದಾಗ ಮಾತ್ರ. ಕಲ್ಲಿನಲ್ಲಿ ೞಕಾರವಿದ್ದು ಕಡತದಲ್ಲಿ ಳಕಾರ ಕುಳಿತರೆ ಅದು ಬೆರಳಚ್ಚಿನ ಸಣ್ಣ ದೋಷವೆನಿಸದು, ಸುಳ್ಳು ಸಾಕ್ಷ್ಯವೆನಿಸುತ್ತದೆ. ಮುಂದಿನ ಸಂಶೋಧಕನು ಆ ಕಡತವನ್ನು ನಂಬಿ, ಈ ಕಾಲಕ್ಕಾಗಲೇ ಇಲ್ಲಿ ೞಕಾರ ಅಳಿದಿತ್ತು ಎಂದು ಬರೆದರೆ ಆ ತಪ್ಪಿನ ಮೂಲ ಶಾಸನದ ಕಾಲದಲ್ಲಿಲ್ಲ. ಯಾವುದೋ ಮನೆಯ ಕೀಲಿಮಣೆಯಲ್ಲಿದೆ.

ಇಲ್ಲಿ ಮರೆಯಬಾರದ ತರ್ಕವೊಂದಿದೆ. ೞಕಾರವಿರುವ ಪಾಠದಿಂದ ಳಕಾರದ ಪಾಠವನ್ನು ಗಣಕವು ಕ್ಷಣಮಾತ್ರದಲ್ಲಿ ಮಾಡಿಕೊಡಬಲ್ಲುದು. ಇಂದಿನ ಓದುಗರಿಗೆ ಸುಲಭವಾದ ಆವೃತ್ತಿ ಬೇಕೆಂದರೆ ಹಾಗೆ ಬದಲಿಸುವುದು ಒಂದೇ ಆಜ್ಞೆಯ ಕೆಲಸ. ಆದರೆ ಎಲ್ಲವೂ ಳಕಾರವಾಗಿಹೋದ ಪಾಠದಿಂದ ೞಕಾರವನ್ನು ಮರಳಿ ಪಡೆಯಲು ಯಂತ್ರಕ್ಕೆ ದಾರಿಯಿಲ್ಲ. ಮತ್ತೆ ತಾಳೆಗರಿಗೆ ಹೋಗಬೇಕು, ಕಲ್ಲಿಗೆ ಹೋಗಬೇಕು. ಹೋಗುವ ಹೊತ್ತಿಗೆ ಗರಿ ಮುರಿದಿರಬಹುದು, ಕಲ್ಲು ಸವೆದಿರಬಹುದು. ಒಂದು ದಿಕ್ಕಿಗೆ ಮಾತ್ರ ದಾಟಬಹುದಾದ ಹೊಳೆಯಿದು. ಆದ್ದರಿಂದ ಮೊದಲ ಬೆರಳಚ್ಚೇ ಪೂರ್ಣವಾಗಿರಬೇಕು. ಮೊದಲ ಬೆರಳಚ್ಚು ಪೂರ್ಣವಾಗಬೇಕಾದರೆ ಆ ಅಕ್ಷರಗಳು ಪ್ರತಿದಿನ, ಪ್ರತಿ ಚಾಲನೆಯಲ್ಲಿ, ಹುಡುಕದೆ ಬೆರಳಿಗೆ ಸಿಗುವಂತಿರಬೇಕು.

ಉಪಕರಣವು ವಿದ್ವತ್ತನ್ನು ಹಿಡಿದು ನಿಲ್ಲಿಸಿದ, ವಿದ್ವತ್ತು ಉಪಕರಣವನ್ನು ತನ್ನದಾಗಿಸಿಕೊಂಡ ನಿದರ್ಶನಗಳು ಕನ್ನಡದಲ್ಲಿ ಹೊಸವಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟು ಱಕಾರ ೞಕಾರಗಳನ್ನು ಬೇರೆಯಾಗಿಯೇ ಮುದ್ರಿಸಿತು; ಅಚ್ಚಿನ ಮೊಳೆಗಳ ಪೆಟ್ಟಿಗೆಯಲ್ಲಿ ಆ ಎರಡು ಅಕ್ಷರಗಳಿಗೆ ಮನೆಯನ್ನು ಮಾಡಿಕೊಟ್ಟದ್ದರಿಂದ ಅದು ಸಾಧ್ಯವಾಯಿತು. ಹಳಕಟ್ಟಿಯವರ ವಚನಶಾಸ್ತ್ರಸಾರವು 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಮುದ್ರಣಕ್ಕಾಗಿ ಪರಸ್ಥಳವನ್ನು ಅವಲಂಬಿಸಬೇಕಾದ ಕಷ್ಟವನ್ನು ಕಂಡ ಅವರು ಮನೆಯನ್ನು ಮಾರಿ ವಿಜಯಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ತೆರೆದರು; 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ವಕೀಲರಾಗಿದ್ದವರು ಅಚ್ಚಿನ ಯಂತ್ರದ ಗೋಜಿಗೆ ಏಕೆ ಹೋಗಬೇಕಿತ್ತು ಎಂದು ಯಾರೂ ಇಂದು ಕೇಳುವುದಿಲ್ಲ. ಅಕ್ಷರಗಳ ಮೇಲೆ ಹತೋಟಿಯಿಲ್ಲದವನಿಗೆ ಪಾಠದ ಮೇಲೂ ಹತೋಟಿಯಿಲ್ಲ ಎಂಬುದನ್ನು ಅವರು ಅರಿತಿದ್ದರು. ಇಂದಿನ ವಿದ್ಯಾರ್ಥಿಗೆ ಮನೆಯನ್ನು ಮಾರಬೇಕಾದ ಪ್ರಸಂಗವಿಲ್ಲ. ಅರ್ಧ ಗಂಟೆ ಕುಳಿತು ಕೀಲಿಮಣೆಯನ್ನು ಸಜ್ಜುಗೊಳಿಸಿದರೆ ಸಾಕು.

ಗಣಕಯುಗದಲ್ಲಿಯೂ ಇಂಥ ಮಹನೀಯರಿದ್ದಾರೆ. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಕೀಲಿಗಳಲ್ಲಿಯೇ ಕನ್ನಡದ ವರ್ಣಮಾಲೆಯನ್ನು ಧ್ವನ್ಯನುಸಾರಿಯಾಗಿ ಹೊಂದಿಸಿಕೊಟ್ಟರು. ವ್ಯಂಜನವನ್ನು ಒತ್ತಿ ಸ್ವರವನ್ನು ಒತ್ತಿದರೆ ಗುಣಿತ, ನಡುವೆ ಎಫ್ ಕೀಲಿಯನ್ನು ಒತ್ತಿದರೆ ಒತ್ತಕ್ಷರ. ಇಷ್ಟೇ ಅದರ ಸೂತ್ರ. ಅವರು ತಮ್ಮ ತಂತ್ರಾಂಶಕ್ಕೆ ಇಟ್ಟ ಹೆಸರು ಸೇಡಿಯಾಪು. ಛಂದಸ್ಸು ಮತ್ತು ಭಾಷಾಶಾಸ್ತ್ರಗಳಲ್ಲಿ ದೊಡ್ಡ ಹೆಸರಾದ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆ ಅದರಲ್ಲಿದೆ. ಕೀಲಿಮಣೆಯೂ ಭಾಷಾಶಾಸ್ತ್ರವೂ ಒಂದೇ ಮನೆಯ ಮಾತು ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಆ ವಿನ್ಯಾಸವನ್ನು ಅವರು ಸಾರ್ವಜನಿಕರಿಗೆ ಮುಕ್ತವಾಗಿ ಬಿಟ್ಟುಕೊಟ್ಟರು. ಕರ್ನಾಟಕ ಸರಕಾರ ಅದನ್ನು ಅಧಿಕೃತ ವಿನ್ಯಾಸವಾಗಿ ಒಪ್ಪಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಮೂಲಕ ಅದು ಕಚೇರಿ ಕಚೇರಿಗೂ ತಲುಪಿತು. ಶೇಷಾದ್ರಿವಾಸು ಅವರ ಬರಹ ತಂತ್ರಾಂಶ 1998ರಲ್ಲಿ ಬಂದು ಮನೆಮನೆಗಳಲ್ಲಿ, ಹೊರನಾಡಿನ ಕನ್ನಡಿಗರಲ್ಲಿ ಬಳಕೆಗೆ ನಿಂತಿತು. ಭಾರತೀಯ ಲಿಪಿಗಳೆಲ್ಲಕ್ಕೂ ಸಮಾನವಾದ ಇನ್‌ಸ್ಕ್ರಿಪ್ಟ್ ವಿನ್ಯಾಸವು ಕೇಂದ್ರ ಸರಕಾರದ ಮಾನಕವಾಗಿ ಇವುಗಳಿಗಿಂತ ಮೊದಲೇ ರೂಪುಗೊಂಡಿತ್ತು. ಅದರಲ್ಲಿ ಎಡಗೈಗೆ ಸ್ವರಗಳು, ಬಲಗೈಗೆ ವ್ಯಂಜನಗಳು. ರಕಾರದ ಕೀಲಿಯನ್ನು ಶಿಫ್ಟಿನೊಡನೆ ಒತ್ತಿದರೆ ಱಕಾರ.

ಇವುಗಳಲ್ಲಿ ಯಾವುದು ಶ್ರೇಷ್ಠವೆಂಬ ವಾಗ್ವಾದ ಬಹುಕಾಲ ನಡೆದಿದೆ. ಸಂಶೋಧಕನ ಮಟ್ಟಿಗೆ ಆ ವಾದ ಗೌಣ. ಕಳ್ಳಕವಟಗಿಯಂಥ ಮಹಾರಾಷ್ಟ್ರದ ಗಡಿಯತ್ತಣ ಊರುಗಳಲ್ಲಿ ಕನ್ನಡದ ಜೊತೆಗೆ ಮರಾಠಿಯನ್ನೂ ಬರೆಯಬೇಕಾದವರಿಗೆ ಇನ್‌ಸ್ಕ್ರಿಪ್ಟಿನಲ್ಲಿ ಒಂದು ಅನುಕೂಲವಿದೆ: ಒಮ್ಮೆ ಕಲಿತ ಬೆರಳು ಎರಡೂ ಲಿಪಿಗಳಿಗೆ ಸಲ್ಲುತ್ತದೆ. ಇಂಗ್ಲಿಷ್ ಕೀಲಿಗಳನ್ನು ಈಗಾಗಲೇ ಬಲ್ಲವನಿಗೆ ಕೆ. ಪಿ. ರಾವ್ ವಿನ್ಯಾಸ ಬೇಗ ಒಲಿಯುತ್ತದೆ. ಎರಡರಲ್ಲಿ ಒಂದನ್ನು ಆರಿಸಿ ಅದಕ್ಕೇ ನಿಲ್ಲುವುದು ಮುಖ್ಯ. ಅದಕ್ಕಿಂತ ಮುಖ್ಯವಾದುದು, ಕೀಲಿಯಿಂದ ಹೊರಡುವುದು ಯೂನಿಕೋಡ್ ಸಂಕೇತವಾಗಿರಬೇಕು ಎಂಬುದು. ಹಳೆಯ ಆಸ್ಕಿ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತದಲ್ಲಿ ಕನ್ನಡವಿರುವುದು ತೋರಿಕೆಗೆ ಮಾತ್ರ. ಒಳಗೆ ಇರುವುದು ರೋಮನ್ ಸಂಕೇತಗಳ ಕಲಸುಮೇಲೋಗರ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಒಂದು ಪದವೂ ಓದಲು ಬಾರದು; ಹುಡುಕಲು ಬಾರದು; ಅಕಾರಾದಿಯಾಗಿ ಜೋಡಿಸಲೂ ಬಾರದು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿಯೇ ತುಂಗಾ ಎಂಬ ಯೂನಿಕೋಡ್ ಅಕ್ಷರಶೈಲಿ ಸೇರಿತ್ತು. ಅದಾಗಿ ಇಷ್ಟು ವರ್ಷ ಕಳೆದರೂ ಆಸ್ಕಿಯಲ್ಲಿಯೇ ಪ್ರಬಂಧ ಸಿದ್ಧಪಡಿಸುವ ರೂಢಿ ಪೂರ್ತಿ ನಿಂತಿಲ್ಲವೆಂಬುದು ವಿಷಾದದ ಸಂಗತಿ.

ಯೂನಿಕೋಡ್ ಕೂಡ ನಿರ್ದೋಷವಲ್ಲ. ೞಕಾರಕ್ಕೆ ಅಲ್ಲಿ ಮೊದಲಿನಿಂದಲೂ ಸ್ಥಾನವಿದೆ; ಆದರೆ ಅದಕ್ಕೆ ಕೊಟ್ಟ ಇಂಗ್ಲಿಷ್ ಹೆಸರು ಎಫ್ ಮತ್ತು ಎ ಸೇರಿದ 'ಫ' ಎಂಬುದು. ಪಂಪನ ೞಕಾರಕ್ಕೂ ಇಂಗ್ಲಿಷಿನ ಎಫ್ ಧ್ವನಿಗೂ ಯಾವ ಸಂಬಂಧವೂ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಪ್ಪು ಹೆಸರು ಹಾಗೆಯೇ ನಿಂತಿದೆ; ಇದು ತಪ್ಪು ಎಂಬ ಟಿಪ್ಪಣಿಯೂ ಸರಿಯಾದ ಪರ್ಯಾಯನಾಮವೂ ಅದರ ಪಕ್ಕದಲ್ಲಿ ಸೇರಿವೆ. ಅಕ್ಷರಪಟ್ಟಿಯಲ್ಲಿ ಹೆಸರಿನಿಂದ ಹುಡುಕುವ ವಿದ್ಯಾರ್ಥಿಗೆ ೞಕಾರ ಸಿಗದೆ ಹೋಗುವುದಕ್ಕೆ ಇದೂ ಒಂದು ಕಾರಣ. ಅವಗ್ರಹಚಿಹ್ನೆ 2003ರಲ್ಲಿ, ಶಾಸನಗಳ ಆರಂಭದಲ್ಲಿ ಕಾಣುವ ಸಿದ್ಧಂ ಚಿಹ್ನೆ 2018ರಲ್ಲಿ, ನಕಾರಪೊಲ್ಲು 2021ರಲ್ಲಿ ಸೇರಿದವು. ಅಂದರೆ ಹಳೆಯ ಕೀಲಿಮಣೆ ವಿನ್ಯಾಸವನ್ನೇ ನೆಚ್ಚಿದವನಿಗೆ ಇವುಗಳಲ್ಲಿ ಕೆಲವು ದೊರೆಯಲಾರವು. ಇಂಥ ಅಪೂರ್ವ ಅಕ್ಷರಗಳನ್ನು ಬಲಬದಿಯ ಆಲ್ಟ್ ಕೀಲಿಯೊಡನೆ ಮೂರನೆಯ ಹಂತದಲ್ಲಿ ಇರಿಸುವ ಪದ್ಧತಿ ಹಲವು ವಿನ್ಯಾಸಗಳಲ್ಲಿದೆ. ತನ್ನ ವಿನ್ಯಾಸದಲ್ಲಿ ಅವು ಎಲ್ಲಿವೆ ಎಂಬುದನ್ನು ಪಾಠಕ್ಕೆ ಕೈಹಾಕುವ ಮೊದಲೇ ಗುರುತಿಸಿಕೊಂಡಿರುವುದು ಸಂಪಾದಕನ ಕರ್ತವ್ಯ.

ಇನ್ನು ಚಾಲನೆಯ ಸಮಯದ ವ್ಯವಸ್ಥೆ. ಇದರಲ್ಲಿ ಎಡವುವುದು ಹೆಚ್ಚಾಗಿ ಒಂದು ಭೇದವನ್ನು ಗಮನಿಸದೆ ಇರುವುದರಿಂದ. ಈ ಹೊತ್ತಿನ ಕೂರಿಕೆಗೆ ಮಾತ್ರ ಅನ್ವಯಿಸುವ ವ್ಯವಸ್ಥೆ ಒಂದು, ಪ್ರತಿ ಚಾಲನೆಯಲ್ಲಿಯೂ ತಾನಾಗಿ ಜಾರಿಗೆ ಬರುವ ವ್ಯವಸ್ಥೆ ಇನ್ನೊಂದು. ಲಿನಕ್ಸ್ ಯಂತ್ರದಲ್ಲಿ ಆಜ್ಞೆಯ ಮೂಲಕ ಕನ್ನಡ ವಿನ್ಯಾಸವನ್ನು ತಂದುಕೊಂಡರೆ ಅದು ಯಂತ್ರ ಮುಚ್ಚುವವರೆಗೆ ಇರುತ್ತದೆ. ಕೆಲವೊಮ್ಮೆ ಹೊಸ ಯುಎಸ್‌ಬಿ ಕೀಲಿಮಣೆಯನ್ನು ಸಿಕ್ಕಿಸಿದ ಮಾತ್ರಕ್ಕೇ ಅಳಿಸಿಹೋಗುತ್ತದೆ. ಅದನ್ನೇ ಗಣಕದ ಮೂಲ ವ್ಯವಸ್ಥೆಯ ಕೀಲಿಮಣೆ ಕಡತದಲ್ಲಿಯೋ ಮೇಜುತೆರೆಯ ಭಾಷಾ ವಿಭಾಗದಲ್ಲಿಯೋ ನಮೂದಿಸಿದರೆ ಶಾಶ್ವತವಾಗುತ್ತದೆ. ಲಿನಕ್ಸಿನ ವಿನ್ಯಾಸಪಟ್ಟಿಯಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಜೊತೆಗೆ 'ಕಗಪ' ಎಂಬ ಹೆಸರಿನ ಧ್ವನ್ಯನುಸಾರಿ ವಿನ್ಯಾಸವೂ ಇದೆ. ಕನ್ನಡ ಗಣಕ ಪರಿಷತ್ತಿನ ಆದ್ಯಕ್ಷರಗಳನ್ನು ಹೊತ್ತ ಆ ಹೆಸರು ಲೋಕದ ಯಾವ ಮೂಲೆಯ ಲಿನಕ್ಸ್ ಯಂತ್ರದಲ್ಲಿಯೂ ಕಾಣಸಿಗುತ್ತದೆ ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯ.

ವಿಂಡೋಸ್ ಯಂತ್ರದಲ್ಲಿ ಭಾಷಾ ವಿಭಾಗಕ್ಕೆ ಹೋಗಿ ಕನ್ನಡವನ್ನು ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಆ ಬಳಕೆದಾರನ ಖಾತೆಗೆ ಸ್ಥಿರವಾಗಿ ಸೇರುತ್ತದೆ. 2019ರ ನಂತರದ ವಿಂಡೋಸ್ 10ರಲ್ಲಿ ಧ್ವನ್ಯನುಸಾರಿ ಕೀಲಿಮಣೆಯೂ ಲಭ್ಯ. ವಿಂಡೋಸ್ ಕೀಲಿ ಮತ್ತು ಖಾಲಿಸ್ಥಳದ ಕೀಲಿಯನ್ನು ಕೂಡಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ದಾಟಬಹುದು. ನುಡಿ, ಬರಹಗಳಂಥ ಪ್ರತ್ಯೇಕ ತಂತ್ರಾಂಶಗಳ ಸ್ವಭಾವ ಬೇರೆ. ಅವು ಓಡುತ್ತಿರುವಾಗ ಮಾತ್ರ ಕೀಲಿಮಣೆ ಕನ್ನಡವಾಗಿರುತ್ತದೆ. ಆದ್ದರಿಂದ ಅವುಗಳನ್ನು ಚಾಲನಾರಂಭದ ಪಟ್ಟಿಯಲ್ಲಿ ಸೇರಿಸಿ, ಯಂತ್ರದೊಡನೆ ಅವೂ ಏಳುವಂತೆ ಮಾಡಬೇಕು. ಅವುಗಳ ಒಳಗೆ ಯೂನಿಕೋಡ್ ಆಯ್ಕೆಯನ್ನು ಸ್ಥಿರಗೊಳಿಸಬೇಕು. ಒಂದೇ ಮನೆಯಲ್ಲಿ ಹಲವರು ಬಳಸುವ ಯಂತ್ರದಲ್ಲಿ ಸಂಶೋಧಕನಿಗೆ ಪ್ರತ್ಯೇಕ ಖಾತೆಯಿದ್ದರೆ ಅವನ ವ್ಯವಸ್ಥೆಯನ್ನು ಇತರರು ಅರಿಯದೆ ಕೆಡಿಸುವ ಭಯವಿಲ್ಲ. ಇತರರಿಗೂ ಅವನ ಕನ್ನಡದಿಂದ ಅಡಚಣೆಯಿಲ್ಲ.

ಉತ್ಸಾಹದಿಂದ ಕನ್ನಡವನ್ನೇ ಮೊದಲ ವಿನ್ಯಾಸವಾಗಿಸುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪ್ರವೇಶಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟುಕೊಂಡು ಪ್ರವೇಶದ ಪರದೆಯಲ್ಲಿ ಕನ್ನಡ ಕೀಲಿಮಣೆ ಎದ್ದು ನಿಂತರೆ ಮನೆಯೊಡೆಯನೇ ಬಾಗಿಲ ಹೊರಗೆ ನಿಲ್ಲಬೇಕಾಗುತ್ತದೆ. ಆದಕಾರಣ ಮೊದಲನೆಯದಾಗಿ ಇಂಗ್ಲಿಷ್, ಎರಡನೆಯದಾಗಿ ಕನ್ನಡ, ಎರಡೂ ಆರಂಭದಲ್ಲಿಯೇ ಸಿದ್ಧ, ನಡುವೆ ಒಂದೇ ಕೀಲಿಯ ದಾಟು ಎಂಬ ಕ್ರಮ ಉಚಿತ. ಆ ದಾಟಿಗೆ ಕ್ಯಾಪ್ಸ್‌ಲಾಕ್ ಕೀಲಿಯನ್ನೇ ನೇಮಿಸಿಕೊಳ್ಳುವ ಆಯ್ಕೆ ಲಿನಕ್ಸಿನಲ್ಲಿದೆ. ಇದರಿಂದ ಇನ್ನೊಂದು ಲಾಭವೂ ಉಂಟು. ಧ್ವನ್ಯನುಸಾರಿ ವಿನ್ಯಾಸದಲ್ಲಿ ಕ್ಯಾಪ್ಸ್‌ಲಾಕ್ ಅರಿಯದೆ ಒತ್ತಿಹೋದರೆ ಅಲ್ಪಪ್ರಾಣಗಳೆಲ್ಲ ಮಹಾಪ್ರಾಣಗಳಾಗಿ ಕಕಾರ ಖಕಾರವಾಗುತ್ತದೆ, ಲಕಾರ ಳಕಾರವಾಗುತ್ತದೆ. ಆ ಕೀಲಿಗೆ ಬೇರೆ ಕೆಲಸ ಕೊಟ್ಟರೆ ಈ ಅಪಾಯ ತಪ್ಪುತ್ತದೆ. ಲಿನಕ್ಸಿನ ಸಾಂಪ್ರದಾಯಿಕ ಕೀಲಿಮಣೆ ವ್ಯವಸ್ಥೆ ಒಮ್ಮೆಗೆ 4 ವಿನ್ಯಾಸಗಳನ್ನು ಧರಿಸಬಲ್ಲುದು. ಇಂಗ್ಲಿಷ್, ಕನ್ನಡ, ಸಂಸ್ಕೃತ ಪ್ರಾಕೃತಗಳಿಗಾಗಿ ದೇವನಾಗರಿ, ಲಿಪ್ಯಂತರಕ್ಕಾಗಿ ಚಿಹ್ನೆಗಳುಳ್ಳ ರೋಮನ್; ಜೈನಸಾಹಿತ್ಯದ ಅಧ್ಯಯನಿಗೆ ಬೇಕಾದುದು ಸರಿಯಾಗಿ ಅಷ್ಟೇ.

ಇಷ್ಟು ಮಾಡಿದ ಮೇಲೆ ಪರೀಕ್ಷೆ ಒಂದೇ: ಯಂತ್ರವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದು, ಯಾವ ತಂತ್ರಾಂಶವನ್ನೂ ಕೈಯಾರೆ ಎಬ್ಬಿಸದೆ, ಒಂದು ಸಾಲನ್ನು ಬರೆಯಬೇಕು. ಆ ಸಾಲಿನಲ್ಲಿ ಱ, ೞ, ಅವಗ್ರಹ, ವಿಸರ್ಗ, ಅರ್ಕಾವತ್ತು, ರಕಾರಕ್ಕೆ ಕೆಳಗಿನ ಒತ್ತು, ಒತ್ತಾಗದೆ ನಿಲ್ಲುವ ಹಲಂತ ಇವೆಲ್ಲ ಇರಬೇಕು. ಕೊನೆಯ ಎರಡಕ್ಕೆ ಕಣ್ಣಿಗೆ ಕಾಣದ ಎರಡು ಸಂಕೇತಗಳು ಬೇಕು. ಒಂದು ಕೂಡಿಸುವುದು, ಇನ್ನೊಂದು ಬೇರ್ಪಡಿಸುವುದು. ಕಾಣದ ಈ ಸಂಕೇತಗಳು ಯಾವ ಕೀಲಿಯಲ್ಲಿವೆ ಎಂದು ಬಲ್ಲವನ ಬರೆಹದಲ್ಲಿ 'ಸಾಫ್ಟ್‌ವೇರ್' ಎಂಬ ಶಬ್ದ ಒಡೆಯದೆ ನಿಲ್ಲುತ್ತದೆ. ಹಳಗನ್ನಡದ ವ್ಯಂಜನಾಂತ ರೂಪಗಳೂ ಮುಂದಿನ ಅಕ್ಷರಕ್ಕೆ ಅಂಟದೆ ನಿಲ್ಲುತ್ತವೆ. ಈ ಸಾಲು ತಡೆಯಿಲ್ಲದೆ ಮೂಡಿದರೆ ಕೀಲಿಮಣೆ ಸಿದ್ಧವಾಗಿದೆ ಎಂದರ್ಥ.

ಇದಕ್ಕೆಲ್ಲ ಆಕ್ಷೇಪಗಳಿಲ್ಲದಿಲ್ಲ. ಧ್ವನಿಯಿಂದಲೇ ಬೆರಳಚ್ಚಾಗುವ ಕಾಲದಲ್ಲಿ, ಕೈಫೋನಿನಲ್ಲಿ ರೋಮನ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ಕಾಲದಲ್ಲಿ ಕೀಲಿಮಣೆಯ ಚಿಂತೆ ಏಕೆಂದು ಕೇಳಬಹುದು. ಇಂದಿನ ಪತ್ರವ್ಯವಹಾರಕ್ಕೆ ಆ ಸಾಧನಗಳು ಸಾಕು; ಅವುಗಳಿಂದ ಕನ್ನಡ ಬರೆಯುವವರ ಸಂಖ್ಯೆ ಬೆಳೆದಿದೆ ಎಂಬುದೂ ದಿಟ. ಆದರೆ ಅವುಗಳ ಸ್ವಭಾವವೇ ಊಹಿಸುವುದು. ರೂಢಿಯಲ್ಲಿ ಹೆಚ್ಚಾಗಿರುವ ಶಬ್ದವನ್ನು ಅವು ಮುಂದೊಡ್ಡುತ್ತವೆ. ಅಱಿ ಎಂಬುದು ಅವಕ್ಕೆ ಅರಿಯೇ. ಬಾೞ್ ಎಂಬುದು ಬಾಳೇ. ಇವತ್ತು ಯಾರೂ ೞಕಾರವನ್ನು ಉಚ್ಚರಿಸದಿರುವುದರಿಂದ ಧ್ವನಿಯಲ್ಲಿ ಆ ಭೇದವೇ ಇಲ್ಲ; ಇಲ್ಲದ ಭೇದವನ್ನು ಯಂತ್ರ ಕೇಳಿಸಿಕೊಳ್ಳುವುದಾದರೂ ಹೇಗೆ? ಊಹೆಯು ಪ್ರತಿಲಿಪಿಕಾರನ ಶತ್ರು. ಅರ್ಥವಾಗದ ರೂಪವನ್ನು ತನಗೆ ತಿಳಿದ ರೂಪಕ್ಕೆ ತಿದ್ದಿದ ಲಿಪಿಕಾರರಿಂದಲೇ ಪಾಠಗಳು ಕೆಟ್ಟವೆಂದು ಗ್ರಂಥಸಂಪಾದನಶಾಸ್ತ್ರ ಮೊದಲ ಪಾಠದಲ್ಲಿ ಹೇಳುತ್ತದೆ. ಆ ಲಿಪಿಕಾರನೇ ಯಂತ್ರರೂಪದಲ್ಲಿ ಮತ್ತೆ ಬಂದಿದ್ದಾನೆ.

ಸತ್ತ ಅಕ್ಷರಗಳನ್ನು ಏಕೆ ಹೊತ್ತು ತಿರುಗಬೇಕು, ಜನಪ್ರಿಯ ಆವೃತ್ತಿಗಳು ರಳಗಳಿಂದಲೇ ನಡೆಯುತ್ತಿಲ್ಲವೇ ಎಂಬ ಆಕ್ಷೇಪವೂ ಉಂಟು. ಓದುವ ಆವೃತ್ತಿ ಬೇರೆ, ಆಧಾರಪಾಠ ಬೇರೆ. ಓದುಗನಿಗೆ ಸರಳ ಮಾಡಿಕೊಡುವ ಸ್ವಾತಂತ್ರ್ಯ ಸಂಪಾದಕನಿಗೆ ಇರುವುದು ಆಧಾರಪಾಠ ಅವನ ಬಳಿ ಅಖಂಡವಾಗಿದ್ದಾಗ. ಕಣಜದಲ್ಲಿ ಭತ್ತವಿದ್ದರೆ ಬೇಕಾದಾಗ ಅಕ್ಕಿ ಮಾಡಿಕೊಳ್ಳಬಹುದು. ಅಕ್ಕಿಯನ್ನು ಬಿತ್ತಿ ಬೆಳೆ ತೆಗೆದವರಿಲ್ಲ. ಇನ್ನು ಇದೆಲ್ಲ ಗಣಕ ಬಲ್ಲವರ ಕೆಲಸ ಎಂಬ ಮಾತು. ಗಣಕ ಬಲ್ಲವನಿಗೆ ೞಕಾರ ಗೊತ್ತಿರಬೇಕಾಗಿಲ್ಲ. ಯಾವ ಅಕ್ಷರ ಬೇಕು, ಏಕೆ ಬೇಕು ಎಂದು ಹೇಳಬಲ್ಲವನು ಸಾಹಿತ್ಯದ ವಿದ್ಯಾರ್ಥಿಯೇ. ಅವನು ಹೇಳದಿದ್ದರೆ ಯಾರೂ ಕೇಳುವುದಿಲ್ಲ.

ಆದುದರಿಂದ ಕನ್ನಡ ವಿಭಾಗಗಳು ಕೆಲವು ಸಣ್ಣ ಕ್ರಮಗಳನ್ನು ಕೈಗೊಳ್ಳುವುದು ಅವಶ್ಯ. ಗ್ರಂಥಸಂಪಾದನೆ ಮತ್ತು ಶಾಸನಶಾಸ್ತ್ರದ ಪಠ್ಯದಲ್ಲಿ ಒಂದು ದಿನವನ್ನು ಕೀಲಿಮಣೆಗೆ ಮೀಸಲಿಡಬಹುದು. ಲಿಪಿ ಕಲಿಸುವವರೇ ಅದನ್ನೂ ಕಲಿಸಬಹುದು. ಪ್ರಯೋಗಾಲಯದ ಗಣಕದಲ್ಲಿ ಯಾವ ವಿನ್ಯಾಸವಿದೆಯೋ ಅದೇ ವಿದ್ಯಾರ್ಥಿಯ ಮನೆಯ ಗಣಕದಲ್ಲಿಯೂ ಏಳುವಂತೆ ಅವನಿಗೆ ಮಾರ್ಗದರ್ಶನ ಮಾಡಬಹುದು. ಎರಡು ಕಡೆ ಎರಡು ವಿನ್ಯಾಸಗಳಿದ್ದರೆ ಬೆರಳು ಎರಡರಲ್ಲಿಯೂ ತಡವರಿಸುತ್ತದೆ. ಸಂಶೋಧನ ಪ್ರಬಂಧಗಳನ್ನು ಯೂನಿಕೋಡಿನಲ್ಲಿಯೇ ಸ್ವೀಕರಿಸಬೇಕು. ಹಳಗನ್ನಡ ಉದ್ಧೃತಿಗಳಿರುವ ಪ್ರಬಂಧಗಳಲ್ಲಿ ಱಕಾರ ೞಕಾರಗಳನ್ನು ಮೂಲದಂತೆ ಉಳಿಸಲಾಗಿದೆಯೇ ಎಂಬುದನ್ನು ಪರೀಕ್ಷಕರು ನೋಡಬೇಕು. ಉಳಿಸದಿದ್ದರೆ ಹಾಗೆಂದು ಪ್ರಸ್ತಾವನೆಯಲ್ಲಿ ಹೇಳುವ ಪ್ರಾಮಾಣಿಕತೆಯನ್ನಾದರೂ ಬಯಸಬೇಕು. ಇದಕ್ಕೆ ಅನುದಾನ ಬೇಡ, ಹೊಸ ಯಂತ್ರ ಬೇಡ, ಪರವಾನಗಿಯೂ ಬೇಡ. ಬೇಕಾದ ವಿನ್ಯಾಸಗಳು ಯಂತ್ರದೊಳಗೆ ಈಗಾಗಲೇ ಮಲಗಿವೆ, ಎಬ್ಬಿಸುವವರು ಬೇಕು.

10ನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಮಾಡಿಸಿ ಹಂಚಿದಳೆಂಬುದು ಎಲ್ಲರೂ ಬಲ್ಲ ಸಂಗತಿ. ಆ ದಾನವನ್ನು ಹೊಗಳುವಾಗ ನಾವು ಸಂಖ್ಯೆಯನ್ನು ನೆನೆಯುತ್ತೇವೆ. ಕಂಠವನ್ನು ಹಿಡಿದು ಗರಿಯ ಮೇಲೆ ಬಾಗಿದ ಲಿಪಿಕಾರರನ್ನು ನೆನೆಯುವುದಿಲ್ಲ. ಅವರ ಕಂಠಕ್ಕೆ ಕನ್ನಡದ ಅಕ್ಷರಗಳೆಲ್ಲ ಬರುತ್ತಿದ್ದವು. ಯಾವ ಅಕ್ಷರವನ್ನೂ ಹೋಗಿ ಹುಡುಕಬೇಕಾಗಿರಲಿಲ್ಲ. ಇಂದು ಒಂದು ಕಡತವನ್ನು ಸಾವಿರವಾಗಿಸುವುದು ಕ್ಷಣದ ಕೆಲಸ. ಆದರೆ ಮೊದಲ ಪ್ರತಿಯಲ್ಲಿ ಬಿಟ್ಟುಹೋದ ಅಕ್ಷರ ಸಾವಿರದಲ್ಲಿಯೂ ಬಿಟ್ಟುಹೋಗುತ್ತದೆ. ಕಳ್ಳಕವಟಗಿಯ ಮನೆಯೊಂದರಲ್ಲಿ ಬೆಳಗ್ಗೆ ಗಣಕ ಏಳುವಾಗ ಅದರೊಡನೆ ೞಕಾರವೂ ಏಳುವಂತಿದ್ದರೆ ಆ ಮನೆಯ ವಿದ್ಯಾರ್ಥಿಯು ಅತ್ತಿಮಬ್ಬೆಯ ಲಿಪಿಕಾರರ ಸಾಲಿನಲ್ಲಿ ಕುಳಿತಂತೆಯೇ ಸರಿ.